ಕಬ್ಬಿನ ಡೀಸೆಲ್: ದರಕ್ಕಿಂತ ದೂರ ದುಬಾರಿ

ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 18.44ಕ್ಕೂ 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೂ ಏರಿಸಿತು. ಎರಡನೇ ಸಲ ಲೀಟರಿಗೆ 2 ರೂಪಾಯಿ ಹೆಚ್ಚಾದಾಗ ಲಾರಿ ಮಾಲೀಕರು ಮುಷ್ಕರ ಹೂಡಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಬ್ಬು ಬೆಳೆಗಾರ ಉಳಿಸಿಕೊಳ್ಳಬಹುದಾದ ಡೀಸೆಲ್ ಹಣ ಇರುವುದು ಪಂಪಿನ ದರದಲ್ಲಿ ಅಲ್ಲ, ಟ್ರ್ಯಾಕ್ಟರ್ ಓಡುವ ದೂರದಲ್ಲಿ. ಡಬಲ್ ಟ್ರೇಲರ್‌ನಲ್ಲಿ 20 ಟನ್ ಹೇರಿಕೊಂಡ ಟ್ರ್ಯಾಕ್ಟರ್ ಲೀಟರಿಗೆ ಎರಡೂವರೆ ಕಿಲೋಮೀಟರ್, ಖಾಲಿ ಬರುವಾಗ ಐದು ಕಿಲೋಮೀಟರ್ ಎವರೇಜ್ ಕೊಡುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಫ್ಯಾಕ್ಟರಿ 30 ಕಿಲೋಮೀಟರ್ ದೂರವಿದ್ದರೆ ಹೋಗಿಬರಲು 18 ಲೀಟರ್ ಬೇಕು. 91 ರೂಪಾಯಿ ದರದಲ್ಲಿ ಟನ್ನಿಗೆ ಸುಮಾರು 82 ರೂಪಾಯಿ ಬೀಳುತ್ತದೆ. ಇದರಲ್ಲಿ ಆ 2 ರೂಪಾಯಿ ಏರಿಕೆಯ ಪಾಲು ಟನ್ನಿಗೆ 1 ರೂಪಾಯಿ 80 ಪೈಸೆ. ಅದೇ ದೂರ 10 ಕಿಲೋಮೀಟರ್ ತಗ್ಗಿದರೆ ಉಳಿಯುವುದು 27 ರೂಪಾಯಿ.

ಬೈಲಹೊಂಗಲ, ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗದ ಸುತ್ತ ಸಕ್ಕರೆ ಕಾರ್ಖಾನೆಗಳಿಗೆ ಕೊರತೆಯಿಲ್ಲ. ಆದರೂ ಹಂಗಾಮಿನಲ್ಲಿ ಒಂದೇ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಎದುರುಬದುರಾಗುತ್ತವೆ. ಏರು ಬಂದಾಗ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತದೆ, ಎಂಜಿನ್ ಕಪ್ಪು ಹೊಗೆ ಕಕ್ಕುತ್ತದೆ. ಆ ಹೊಗೆಯೂ ರೈತನ ದುಡ್ಡೇ. ಕಾಟಾದ ಮುಂದಿನ ಸಾಲಿನಲ್ಲಿ ಗಾಡಿ ಹತ್ತು ಮಾರು ಸರಿಯುವುದಕ್ಕೂ ಎಂಜಿನ್ ಚಾಲೂ ಮಾಡಬೇಕು. ಅಲ್ಲಿ ನಿಂತಷ್ಟು ಹೊತ್ತೂ ಕಡಿದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ಕಟಾವು ಮತ್ತು ಸಾಗಾಣಿಕೆ ವೆಚ್ಚ ರೈತನ ಬಿಲ್ಲಿನಿಂದಲೇ ಕಡಿತವಾಗುವವರೆಗೆ ಸಾಲು ಗಿಡ್ಡ ಮಾಡುವ ಅವಸರ ಯಾರಿಗೂ ಇರುವುದಿಲ್ಲ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತ ರೈತರ ಹೋರಾಟ ಬೆಲೆಯದಾಗಿತ್ತು. ಈ ಕಡಿತದ ಲೆಕ್ಕವನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಕೂಲಿ ಗ್ಯಾಂಗ್ ಸಿಗುವುದಿಲ್ಲ, ಕಬ್ಬು ಒಮ್ಮೆಲೇ ಬರುತ್ತದೆ, ನಾವೇನು ಮಾಡೋಣ ಎಂದು ಕಾರ್ಖಾನೆಗಳು ಹೇಳಬಹುದು. ಗ್ಯಾಂಗ್ ಅಭಾವ ನಿಜ. ಆದರೆ ಯಾವ ಹೊಲಕ್ಕೆ ಯಾವಾಗ ಕಟಾವಿನ ಅಪ್ಪಣೆ ಎಂಬುದು ಅವರದೇ ಫೀಲ್ಡ್‌ಮನ್‌ ಕೈಯಲ್ಲಿದೆ; ನುರಿಸುವ ಸಾಮರ್ಥ್ಯ ನೋಡಿ ಸಮಯ ಹಂಚುವುದು ಅಸಾಧ್ಯವಲ್ಲ. ಹೆಚ್ಚು ದರ ಕೊಡುವ ದೂರದ ಕಾರ್ಖಾನೆಗೆ ಕಳಿಸುವುದು ರೈತನ ಹಕ್ಕು ಎಂಬ ಮಾತು ಇನ್ನೂ ತೂಕದ್ದು. ಆ ಹಕ್ಕಿಗೆ ಕೈ ಹಚ್ಚಬಾರದು. ಆದರೆ ಆ ದರದಲ್ಲಿ ಎಷ್ಟು ದಾರಿಯಲ್ಲೇ ಸುಟ್ಟುಹೋಗುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿರಬೇಕು. ತೂಕದ ಚೀಟಿಯಲ್ಲಿ ಹೊಲದಿಂದ ಬಂದ ದೂರ, ಯಾರ್ಡಿಗೆ ಬಂದ ಸಮಯ, ಖಾಲಿಯಾದ ಸಮಯ ಮೂರೂ ಅಚ್ಚಾಗಲಿ. ಮೊದಲೇ ಗೊತ್ತುಮಾಡಿದ ಅವಧಿ ಮೀರಿ ಕಾಯಿಸಿದರೆ ಆ ಖರ್ಚು ಕಾರ್ಖಾನೆಯ ಖಾತೆಗೇ ಬೀಳಲಿ.