ಬೀಜಕ್ಕೆ ಬಿಡುಗಡೆ, ಬಿತ್ತಿದವನಿಗೆ ಸೆರೆ

ಭಂಗಿಯ ಬೀಜವನ್ನು ತಿನ್ನಬಹುದು, ಬಿತ್ತಕೂಡದು! 1985ರ ಮಾದಕ ದ್ರವ್ಯಗಳ ಕಾಯಿದೆ ಆ ಗಿಡದ ಹೂತೆನೆಯನ್ನು ಗಾಂಜಾ ಎಂದು ಕರೆದು, ಬಿಡಿಯಾದ ಎಲೆಯನ್ನೂ ಬೀಜವನ್ನೂ ಹೊರಗಿಟ್ಟಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬೀಜವನ್ನೂ ಅದರ ಎಣ್ಣೆಯನ್ನೂ ಆಹಾರವೆಂದು ಒಪ್ಪಿತು. ಅದೇ ಬೀಜವನ್ನು ಅಪ್ಪಣೆಯಿಲ್ಲದೆ ಮಣ್ಣಿಗೆ ಹಾಕಿದ ರೈತನಿಗೆ ಮಾತ್ರ ಹತ್ತು ವರ್ಷದವರೆಗೆ ಕಠಿಣ ಸಜೆ. ತಿನ್ನುವವನು ಸಾಧು, ಬೆಳೆಯುವವನು ಕಳ್ಳ, ಇದಾವ ನ್ಯಾಯ?

ಅಜ್ಜಾವರದ ಅಡಿಕೆ ತೋಟದ ನಡುವೆ ನಿಂತು ಕೇಳುತ್ತಿದ್ದೇನೆ. ಮದ್ದಿಲ್ಲದ ಹಳದಿ ಎಲೆ ರೋಗ ಸುಳ್ಯದ ತೋಟಗಳನ್ನು ಬೋಳಾಗಿಸುತ್ತಿದೆ. ಬದಲಿ ಬೆಳೆ ಹುಡುಕಿರೆಂದು ಬುದ್ಧಿ ಹೇಳುವವರಿಗೆ ಬರವಿಲ್ಲ. ನಾರಿಗಾಗಿ, ಬೀಜಕ್ಕಾಗಿ ಈ ಗಿಡ ಬೆಳೆಯಲು ಅಪ್ಪಣೆ ಕೊಡುವ ಅಧಿಕಾರವನ್ನು ಅದೇ ಕಾಯಿದೆಯ 14ನೆಯ ಕಲಮು ಸರಕಾರಕ್ಕೆ ಕೊಟ್ಟಿದೆ. ಮತ್ತಿನ ಅಂಶ ನೂರಕ್ಕೆ 0.3 ಮೀರಕೂಡದೆಂದು ಕಟ್ಟುಹಾಕಿ ಉತ್ತರಾಖಂಡ ಆ ಬಾಗಿಲು ತೆರೆಯಿತು.

“ಹಣ್ಣಿನ ಪರಿಮಳದ, ಮೈತುಂಬ ಹೂ ಬಿಡುವ ಗಾಂಜಾ ತಳಿಯನ್ನೇ ನಡುವೆ ಬಿತ್ತಿಬಿಟ್ಟರೆ?” ಎನ್ನುವಿರಿ. ಬಿತ್ತಿ ನೋಡಲಿ! ಬೀಜದ ಬೆಳೆಯಲ್ಲಿ ಗಂಡು ಗಿಡಗಳಿರುತ್ತವೆ. ಅವುಗಳ ಪರಾಗ ತಗುಲಿದರೆ ಅವನ ಹೂವೆಲ್ಲ ಬೀಜ ಕಟ್ಟಿ, ಮತ್ತೂ ಬೆಲೆಯೂ ಇಳಿಯುತ್ತವೆ. ನಮ್ಮ ನೆರೆಯಿಂದ ಅವನೇ ದೂರ ಓಡಬೇಕು. ಅಲ್ಲದೆ, ಅವನೆಂದೂ ನಿಮ್ಮ ಅಪ್ಪಣೆಗೆ ಕಾದವನಲ್ಲ; ಕಾಯುತ್ತಿರುವವರು ನಾವು.

ಹತ್ತು ಸೆಂಟ್ಸ್ ನೆಲದಲ್ಲಿ, ಬೇಕಾದರೆ ಕಾವಲಿಟ್ಟೇ, ಪರೀಕ್ಷೆಗೆ ಬಿಡಿ. ಆಟಿಯ ಮಳೆಗೆ ಗಿಡ ಕೊಳೆತರೆ ಕೊಳೆಯಲಿ. ಆ ತೀರ್ಪನ್ನು ಮಣ್ಣು ಹೇಳಲಿ, ಠಾಣೆಯಲ್ಲ.