ಮೆಗಾಹರ್ಟ್ಸ್ ಎಂಬ ಮಾಯಾಮೃಗ

ಹಳೆಯ ಗೃಹಗಣಕಗಳ ಅಭಿಮಾನಿಗಳು ನಾಲ್ವರು ಕೂಡಿದರೆ ಇಂದಿಗೂ ಒಂದು ಜಗಳ ತಪ್ಪದು. 1982ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಮೇಲೋ, ಅದೇ ವರ್ಷ ಅಮೆರಿಕದಿಂದ ಬಂದ ಕಮೊಡೋರ್ 64 ಮೇಲೋ? ಸ್ಪೆಕ್ಟ್ರಮ್ ಪಕ್ಷದವರ ಬ್ರಹ್ಮಾಸ್ತ್ರ ಒಂದೇ: "ನಮ್ಮದು 3.5 ಮೆಗಾಹರ್ಟ್ಸ್, ನಿಮ್ಮದು ಬರೀ 1." ಈ ವಾದ ಪೊಳ್ಳೆಂದು ನಾವು ಖಂಡಿತವಾಗಿ ಹೇಳುತ್ತೇವೆ.

ಮೆಗಾಹರ್ಟ್ಸ್ ಎಂದರೇನು? ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ಮಿಡಿಯುತ್ತದೆಂಬ ಲೆಕ್ಕ, ಅಷ್ಟೆ. ಒಂದು ಮಿಡಿತದಲ್ಲಿ ಎಷ್ಟು ಕೆಲಸವಾಯಿತೆಂದು ಅದು ಹೇಳುವುದಿಲ್ಲ. ಅಪ್ಪನ ಕೈ ಹಿಡಿದು ನಡೆಯುವ ಪೋರ ಅವನ ಒಂದು ಹೆಜ್ಜೆಗೆ ಮೂರು ಹೆಜ್ಜೆ ಹಾಕುತ್ತಾನೆ. ಮನೆ ಮುಟ್ಟುವುದು ಇಬ್ಬರೂ ಒಟ್ಟಿಗೇ.

ಲೆಕ್ಕವನ್ನೇ ನೋಡೋಣ. ಒಂದು ಬೈಟಿನ ಸಂಖ್ಯೆಯನ್ನು ರಿಜಿಸ್ಟರಿಗೆ ತುಂಬಲು ಕಮೊಡೋರಿನ 6502 ಕುಲದ ಪ್ರೊಸೆಸರಿಗೆ 2 ಮಿಡಿತ ಸಾಕು. ಸ್ಪೆಕ್ಟ್ರಮಿನ ಜೆಡ್-80ಕ್ಕೆ 7 ಬೇಕು. ಏಳನ್ನು ಮೂರೂವರೆಯಿಂದ ಭಾಗಿಸಿರಿ: ಎರಡು. ಎರಡೂ ಯಂತ್ರಗಳಿಗೆ ಹಿಡಿಯುವುದು ಸುಮಾರು 2 ಮೈಕ್ರೊಸೆಕೆಂಡ್! ಮೂರೂವರೆ ಪಟ್ಟಿನ ಹಿರಿಮೆ ಎಲ್ಲಿ ಹೋಯಿತು?

ಹಾಗೆಂದು ಕಮೊಡೋರ್ ಪಕ್ಷದವರು ಬೀಗಬೇಕಾಗಿಲ್ಲ. 16 ಬಿಟ್ಟಿನ ಎರಡು ಸಂಖ್ಯೆಗಳು ರಿಜಿಸ್ಟರಿನಲ್ಲಿದ್ದರೆ ಜೆಡ್-80 ಅವನ್ನು 11 ಮಿಡಿತಗಳಲ್ಲಿ, ಅಂದರೆ ಸುಮಾರು 3 ಮೈಕ್ರೊಸೆಕೆಂಡಿನಲ್ಲಿ, ಕೂಡಿಬಿಡುತ್ತದೆ. 6502 ಅದನ್ನು ಬೈಟು ಬೈಟಾಗಿ ಸ್ಮೃತಿಯಿಂದ ತಂದು, ಕೂಡಿ, ಮತ್ತೆ ಇಟ್ಟುಬರಬೇಕು. 20 ಮೈಕ್ರೊಸೆಕೆಂಡ್ ಬೇಕು. ತನಗೆ ಒಗ್ಗುವ ಪರೀಕ್ಷೆಯನ್ನು ತಾನೇ ಆರಿಸಿಕೊಂಡು ತಾನೇ ಗೆದ್ದೆನೆನ್ನುವುದು ಎರಡು ಪಕ್ಷಗಳದೂ ಚಾಳಿ.

ಇನ್ನು ಬಳಸುವವನ ಅನುಭವಕ್ಕೆ ಬರೋಣ. ಬೇಸಿಕ್ ಭಾಷೆಯಲ್ಲಿ ಬರೆದ ಸಾಧಾರಣ ಲೆಕ್ಕಗಳಲ್ಲಿ 3.5 ಮೆಗಾಹರ್ಟ್ಸಿನ ಸ್ಪೆಕ್ಟ್ರಮ್ ಹಿಂದೆ ಬಿತ್ತು. 1981ರ ಬಿಬಿಸಿ ಮೈಕ್ರೊ 2 ಮೆಗಾಹರ್ಟ್ಸಿನದಾದರೂ ಬಹಳ ಮುಂದೆ ಓಡಿತು. ಅದರ ಬೇಸಿಕ್ ಅನ್ನು ಅಷ್ಟು ಜಾಣ್ಮೆಯಿಂದ ಬರೆದಿದ್ದರು. 1984ರಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದದ್ದೂ ಇದೇ ಯಂತ್ರ.

ಹಳೆಯ ಯಂತ್ರಗಳ ಗೊಡವೆ ಈಗೇಕೆಂದು ಓದುಗರು ಕೇಳಬಹುದು. ಮೆಗಾ ಹೋಗಿ ಗಿಗಾ ಬಂದಿದೆ, ಮೋಹ ಮಾತ್ರ ಹೋಗಿಲ್ಲ. ಮಗಳ ಕಾಲೇಜಿಗೆಂದು ಸಾಲದ ಕಂತಿನಲ್ಲಿ ಲ್ಯಾಪ್‌ಟಾಪ್ ಕೊಳ್ಳುವ ತಂದೆತಾಯಿಗೆ ಅಂಗಡಿಯವ ಇಂದಿಗೂ ತೋರಿಸುವುದು ಅದೇ ಅಂಕಿ. ನಾವು ಕೇಳಬೇಕಾದ ಪ್ರಶ್ನೆ ಬೇರೆ: "ನಮ್ಮ ಕೆಲಸ ಇದು. ಇದನ್ನು ಎಷ್ಟು ಹೊತ್ತಿನಲ್ಲಿ ಮುಗಿಸುತ್ತದೆ? ನಮ್ಮೆದುರಿಗೇ ಮಾಡಿ ತೋರಿಸಿ."

ಕಾಲು ಕಿಲೋ ಬೀನ್ಸ್ ಕೊಳ್ಳುವಾಗ ತಕ್ಕಡಿಯ ಮುಳ್ಳು ನೋಡುವ ನಾವು, ಗಣಕ ಕೊಳ್ಳುವಾಗ ಮಾತ್ರ ಡಬ್ಬದ ಮೇಲಿನ ಅಂಕಿಗೆ ಕೈಮುಗಿಯುವುದೇಕೆ?