ಹಿತ್ತಲಿಗೊಂದು ಪನ್ನೀರು ರೋಜಾ

ಹೊಸೂರು ಸೀಮೆಯಲ್ಲಿ ರೋಜಾ ಎಂದೊಡನೆ ಈಗ ಯಾರಿಗೂ ನೆನಪಾಗುವುದು ಪಾಲಿಹೌಸಿನೊಳಗಿನ ಉದ್ದ ಕಡ್ಡಿಯ ಕೆಂಪು ಹೂವೇ. ಬಾಗಲೂರು, ಕೆಲಮಂಗಲ, ಡೆಂಕಣಿಕೋಟೆಗಳ ಕಡೆ ಹೊರಟರೆ ಆ ಬಿಳಿಯ ಚಪ್ಪರಗಳು ಕಣ್ಣಿಗೆ ಬೀಳುತ್ತವೆ. ಅವುಗಳಿಂದ ಹಲವರಿಗೆ ಹಣ ಬಂದಿದೆ, ಇನ್ನೂ ಹಲವರಿಗೆ ಕೂಲಿ ದೊರೆತಿದೆ. ಅದನ್ನು ಅಲ್ಲಗಳೆಯುವ ಉದ್ದೇಶ ನಮಗಿಲ್ಲ. ಆದರೆ ಆ ಹೂವನ್ನು ಮೂಗಿನ ಹತ್ತಿರ ಹಿಡಿದು ನೋಡಿದವರಿಗೆ ಗೊತ್ತು, ಅದಕ್ಕೆ ವಾಸನೆ ಇಲ್ಲವೆಂದೇ ಹೇಳಬೇಕು. ಇತ್ತ ನಮ್ಮ ಹಿತ್ತಲುಗಳಲ್ಲಿ, ಬಾವಿಯ ಪಕ್ಕದಲ್ಲೋ ಬಚ್ಚಲ ನೀರು ಹರಿಯುವ ಕಡೆಯಲ್ಲೋ ಇರುತ್ತಿದ್ದ ಪನ್ನೀರು ರೋಜಾ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಮನೆಗೊಂದು ಪನ್ನೀರು ರೋಜಾ ಸ್ವಂತ ಬೇರಿನ ಮೇಲೆ ಇರಬೇಕು. ತುಂಡು ಭೂಮಿಯ ರೈತನು ಪಾಲಿಹೌಸಿನ ಸಾಲಕ್ಕೆ ಕೈಹಾಕುವ ಮೊದಲು ಐದು ಸೆಂಟು ಜಾಗದಲ್ಲಿ ಇದನ್ನು ಬೆಳೆಸಿ ನೋಡಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಹೆಸರಿನ ಗೊಂದಲವನ್ನು ಕಳೆದುಕೊಳ್ಳೋಣ. ಪನ್ನೀರು ರೋಜಾ ಎಂದು ಜನರು ಎರಡು ಗಿಡಗಳನ್ನು ಕರೆಯುವುದುಂಟು. ಕನೌಜಿನ ಅತ್ತರಿಗೂ ಪುಷ್ಕರದ ಗುಲಾಬಿ ನೀರಿಗೂ ಒದಗುವುದು ಡಮಾಸ್ಕ್ ಗುಲಾಬಿ. ಅದು ಉತ್ತರದ ಚಳಿಯನ್ನು ಉಂಡು, ಮಾರ್ಚಿ-ಏಪ್ರಿಲ್ ಸುಮಾರಿಗೆ ಒಂದೇ ಬಾರಿ ಹೂಬಿಟ್ಟು ಮುಗಿಸುವ ಗಿಡ. ನಮ್ಮ ಹಿತ್ತಲಿನದು ಎಡ್ವರ್ಡ್ ರೋಜಾ. ಗಾಢ ಗುಲಾಬಿ ಬಣ್ಣ, ಹತ್ತಾರು ಎಸಳು, ಮೊಗ್ಗು ಬಿರಿದ ಬೆಳಗ್ಗೆ ಅಂಗಳದ ತನಕ ವಾಸನೆ. ಇದರ ತವರು ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪ. ಆ ದ್ವೀಪಕ್ಕೆ ಹಿಂದೆ ಬೂರ್ಬೋನ್ ಎಂದು ಹೆಸರಿತ್ತು. ಅಲ್ಲಿ ಹೊಲದ ಬೇಲಿಗೆಂದು ಎರಡು ಬಗೆಯ ಗುಲಾಬಿಗಳನ್ನು ಹಾಕುತ್ತಿದ್ದರು: ಶರತ್ಕಾಲದಲ್ಲಿ ಮತ್ತೊಮ್ಮೆ ಹೂಬಿಡುವ ಒಂದು ಡಮಾಸ್ಕ್, ಇನ್ನೊಂದು ಚೀನಾ ಗುಲಾಬಿ. ಇವೆರಡೂ ತಾವಾಗಿಯೇ ಬೆರೆತು ಹುಟ್ಟಿದ್ದು ಈ ಗಿಡ. ಬ್ರಿಯಾನ್ ಎಂಬ ಸಸ್ಯಶಾಸ್ತ್ರಜ್ಞರು ಅದರ ಬೀಜವನ್ನು ಪ್ಯಾರಿಸ್ಸಿಗೆ ಕಳುಹಿಸಿದ್ದು 1819ರ ಸುಮಾರಿಗೆ. ಅಲ್ಲಿಂದ ಹೊರಟ ಕುಲಕ್ಕೆ ಬೂರ್ಬೋನ್ ಗುಲಾಬಿಗಳೆಂದು ಹೆಸರಾಯಿತು. ಫ್ರೆಂಚರ 'ರೋಜ್ ಎದುವಾರ್' ನಮ್ಮ ದೇಶದಲ್ಲಿ ಎಡ್ವರ್ಡ್ ಆಯಿತು. ಹೆಸರು ಕೇಳಿ ಯಾರೋ ಇಂಗ್ಲಿಷ್ ದೊರೆಯದೆಂದು ತಿಳಿಯಬೇಕಾಗಿಲ್ಲ.

ವಾಸನೆ ಡಮಾಸ್ಕಿನಿಂದ ಬಂತು, ವರ್ಷವೆಲ್ಲ ಹೂಬಿಡುವ ಗುಣ ಮುಖ್ಯವಾಗಿ ಚೀನಾ ಗುಲಾಬಿಯಿಂದ ಬಂತು. ಕಾಡು ಗುಲಾಬಿಗಳಲ್ಲಿ, ಒಮ್ಮೆ ಹೂವಾದ ಮೇಲೆ ಮತ್ತೆ ಹೂವಾಗದಂತೆ ತಡೆಯುವ ಒಂದು ವಂಶವಾಹಿ ಇದೆ. ಚೀನಾ ಗುಲಾಬಿಯಲ್ಲಿ ಆ ವಂಶವಾಹಿಯ ನಡುವೆ ಬೇರೊಂದು ತುಣುಕು ನುಗ್ಗಿ ಕುಳಿತು ಅದರ ಕೆಲಸ ಕೆಟ್ಟಿದೆ ಎಂಬುದನ್ನು ವಿಜ್ಞಾನಿಗಳು 2012ರಲ್ಲಿ ತೋರಿಸಿಕೊಟ್ಟರು. ರೈತನಿಗೆ ಇದರಿಂದ ತಿಳಿಯತಕ್ಕದ್ದು ಇಷ್ಟೆ: ಇಂಥ ಗಿಡದಲ್ಲಿ ಹೊಸ ಚಿಗುರು ಬಂದಲ್ಲೆಲ್ಲ ಹೂ ಬರುತ್ತದೆ. ಚಿಗುರನ್ನು ಬರಿಸುತ್ತಿರುವುದೇ ಬೇಸಾಯ. ವಾಸನೆಯ ಗುಟ್ಟೂ ಬಹುಮಟ್ಟಿಗೆ ಬಯಲಾಗಿದೆ. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಗುಲಾಬಿಯ ಎಸಳಿನಲ್ಲಿ ಪರಿಮಳವನ್ನು ಕೂಡಿಸುವ ಒಂದು ಕಿಣ್ವವನ್ನು ಗುರುತಿಸಿದರು. ಅವರು ಹೋಲಿಸಿ ನೋಡಿದ ವಾಸನೆಯಿಲ್ಲದ ತಳಿಯಲ್ಲಿ ಅದರ ವಂಶವಾಹಿಗೆ ಕೆಲಸವೇ ಇರಲಿಲ್ಲವೆನ್ನಬೇಕು. ಕಡ್ಡಿಯ ಉದ್ದ, ಬಣ್ಣ, ಹೂದಾನಿಯಲ್ಲಿ ನಿಲ್ಲುವ ದಿನಗಳು ಎಂದು ಪೇಟೆಗೆ ಬೇಕಾದುದನ್ನೇ ಆರಿಸುತ್ತ ಹೋದಾಗ, ವಾಸನೆಯನ್ನು ಕಾಯುವವರು ಯಾರೂ ಇರಲಿಲ್ಲ.

ಇನ್ನು ಕಸಿ ಗಿಡದ ಮಾತು. ಗಾಡಿಯ ಮೇಲೆ ಮಾರಲು ಬರುವ ಗುಲಾಬಿಗಳು ಹೆಚ್ಚಾಗಿ ಕಸಿ ಮಾಡಿದವು. ಕೊಳ್ಳುವ ದಿನ ಅದರಲ್ಲಿ ಅಂಗೈಯಗಲದ ಹೂ ಇರುತ್ತದೆ. ವರ್ಷವೊಂದು ಕಳೆಯುವಷ್ಟರಲ್ಲಿ ಮೇಲಿನ ಕಸಿ ಒಣಗಿ, ಬೆಸುಗೆಯ ಕೆಳಗಿನಿಂದ ಬುಡಗಿಡ ಚಿಗುರಿ ಆಳೆತ್ತರ ಬೆಳೆಯುತ್ತದೆ. ಮನೆಯಾಕೆ ಪಾಪ ಅದಕ್ಕೇ ನೀರೆರೆಯುತ್ತ, "ಗಿಡವೇನೋ ಚೆನ್ನಾಗಿದೆ, ಹೂ ಮಾತ್ರ ಬರುತ್ತಿಲ್ಲ" ಎನ್ನುತ್ತಾಳೆ. ಆಮೇಲೆ ಮತ್ತೊಂದು ಗಾಡಿ, ಮತ್ತೊಂದು ಗಿಡ. ಸ್ವಂತ ಬೇರಿನ ಪನ್ನೀರು ರೋಜಾಕ್ಕೆ ಈ ತಾಪತ್ರಯವಿಲ್ಲ. ಮೇಕೆ ನೆಲಮಟ್ಟಕ್ಕೆ ತಿಂದು ಹೋದರೂ ಬುಡದಿಂದ ಬರುವುದು ಅದೇ ಗಿಡ, ಅದೇ ಹೂ.

ಕಡ್ಡಿಯನ್ನು ಊರುವುದು ಮಕ್ಕಳಿಗೂ ಆಗುವ ಕೆಲಸ. ಹೂಬಿಟ್ಟು ಬಲಿತ, ಪೆನ್ಸಿಲ್ ಗಾತ್ರದ ಕಡ್ಡಿ ಬೇಕು. ಒಂದು ಗೇಣಿನಷ್ಟು ಉದ್ದ, ನಾಲ್ಕು ಕಣ್ಣು. ಕೆಳಗಿನ ಕಣ್ಣಿನ ಅಡಿಗೆ ಓರೆಯಾಗಿ ಕತ್ತರಿಸಿ, ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮವಾಗಿ ಬೆರೆಸಿದ ಚೀಲದಲ್ಲಿ ಅರ್ಧಕ್ಕೂ ಹೆಚ್ಚು ಮುಳುಗುವಂತೆ ಊರಿ ನೆರಳಿನಲ್ಲಿಡಬೇಕು. ಒಂದೂವರೆ ಎರಡು ತಿಂಗಳಿಗೆ ಬೇರು ಬರುತ್ತದೆ. ಮೊದಲೇ ಎಲೆ ಬಂತೆಂದು ಹಿಗ್ಗಿ ಕಿತ್ತು ನೋಡಬಾರದು. ಕಡ್ಡಿಯಲ್ಲಿರುವ ಕಸುವಿನಿಂದಲೇ ಎರಡೆಲೆ ಬರುವುದುಂಟು. ನೆಡಲು ಒಂದೂವರೆ ಅಡಿ ಉದ್ದಗಲ ಆಳದ ಗುಣಿ, ಅದಕ್ಕೆ 10 ಕಿಲೋ ಕೊಟ್ಟಿಗೆ ಗೊಬ್ಬರ. ಸಾಲಿನಿಂದ ಸಾಲಿಗೆ 2 ಮೀಟರು, ಗಿಡದಿಂದ ಗಿಡಕ್ಕೆ 1 ಮೀಟರು. ಈ ಲೆಕ್ಕದಲ್ಲಿ ಸೆಂಟಿಗೆ 20 ಗಿಡ, ಐದು ಸೆಂಟಿಗೆ 100 ಗಿಡ. ಬಿಸಿಲು ಧಾರಾಳವಾಗಿ ಬೀಳಬೇಕು, ಬುಡದಲ್ಲಿ ನೀರು ನಿಲ್ಲಬಾರದು.

ಈ ಗಿಡದ ಸ್ವಭಾವದಲ್ಲಿ ಒಂದು ವಿಶೇಷವುಂಟು. ಮಳೆಗಾಲ ಕಳೆಯುವ ಹೊತ್ತಿಗೆ ಬುಡದಿಂದ ಐದಾರು ಅಡಿಯ ಚಾವಟಿಯಂಥ ರೆಂಬೆಗಳು ಏಳುತ್ತವೆ. ಹಾಗೆಯೇ ಬಿಟ್ಟರೆ ತುದಿಯಲ್ಲಿ ಒಂದು ಗೊಂಚಲು ಹೂ ಬಿಟ್ಟು ಸುಮ್ಮನಾಗುತ್ತವೆ, ಏಕೆಂದರೆ ತುದಿಯ ಮೊಗ್ಗು ಕೆಳಗಿನ ಕಣ್ಣುಗಳನ್ನು ಅದುಮಿಟ್ಟಿರುತ್ತದೆ. ಅದೇ ರೆಂಬೆಯನ್ನು ನೆಲಕ್ಕೆ ಸಮವಾಗಿ ಬಗ್ಗಿಸಿ ಗೂಟಕ್ಕೆ ಕಟ್ಟಿದರೆ ತುದಿಯ ದರ್ಬಾರು ತಗ್ಗಿ, ಒಂದೊಂದು ಕಣ್ಣೂ ಚಿಗುರುತ್ತದೆ. ಚಿಗುರಿದ ಕಡೆಯೆಲ್ಲ ಹೂ. ಒಮ್ಮೆಲೇ ಬಗ್ಗಿಸಿದರೆ ಮುರಿಯುತ್ತದೆ, ಎರಡು ಮೂರು ದಿನ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಕಾಸು ಖರ್ಚಿಲ್ಲದ ಈ ಉಪಾಯವನ್ನು ಮಾಡುವವರು ಮಾತ್ರ ವಿರಳ. ಗೊಬ್ಬರದ ಮೂಟೆಯನ್ನು ನಂಬುವಷ್ಟು ನಮ್ಮ ಜನ ಒಂದು ತುಂಡು ಹುರಿಯನ್ನು ನಂಬುವುದಿಲ್ಲ.

ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಒಮ್ಮೆ ರೆಂಬೆಗಳನ್ನು ಅರ್ಧಕ್ಕೆ ಸವರಿ, ಮತ್ತೆ ಗೊಬ್ಬರ ಕೊಡಬೇಕು. ತುದಿಯಿಂದ ಕೆಳಗೆ ಒಣಗುತ್ತ ಬರುವ ರೋಗ ಕಂಡರೆ ಹಸಿರು ಭಾಗದ ತನಕ ಕತ್ತರಿಸಿ, ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಬಳಿದರೆ ನಿಲ್ಲುತ್ತದೆ. ಎಲೆಯ ಕರಿಚುಕ್ಕೆಗೆ ಉದುರಿದ ಎಲೆಯನ್ನು ಆಯ್ದು ಸುಡುವುದು ಮೊದಲ ಮದ್ದು.

ದೋಷಗಳನ್ನೂ ಹೇಳಬೇಕು. ಮುಳ್ಳು ವಿಪರೀತ. ಹೂ ಕೊಯ್ದ ದಿನವೇ ಎಸಳುದುರುತ್ತದೆ, ದೂರದ ಪೇಟೆಗೆ ತಾಳುವುದಿಲ್ಲ. ಬೆಳಕು ಹರಿಯುವ ಮುನ್ನ ಕೊಯ್ಯಬೇಕು. ಮನೆಯಲ್ಲಿ ಕೈಯಾಳಿಲ್ಲದವರಿಗೆ ಕೂಲಿಯೇ ಹೂವಿನ ಹಣವನ್ನು ನುಂಗುತ್ತದೆ. ಬಿಡಿ ಹೂವಿನ ಬೆಲೆ ಹಬ್ಬಕ್ಕೆ ಏರಿ ಆಷಾಢಕ್ಕೆ ಕುಸಿಯುತ್ತದೆ. ಇಷ್ಟಿದ್ದರೂ ಐದು ಸೆಂಟು ಕೆಟ್ಟರೆ ರೈತ ಕೆಡುವುದಿಲ್ಲ. ಪಾಲಿಹೌಸಿನ ಸಂಗತಿ ಬೇರೆ. ಲಕ್ಷಾಂತರ ರೂಪಾಯಿಯ ಕಟ್ಟಡ, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾದ ಹಾಳೆ, ತಪ್ಪದೆ ಬರುವ ಕಂತು. 2020ರ ಲಾಕ್‌ಡೌನಿನಲ್ಲಿ ಮದುವೆಗಳು ನಿಂತು ಲಾರಿಗಳು ನಿಂತಾಗ, ಹೊಸೂರಿನ ಬೆಳೆಗಾರರು ಹೂವನ್ನು ಕೊಯ್ದು ಹೊರಗೆ ಸುರಿಯಬೇಕಾಯಿತು. ಕೊಯ್ಯದೆ ಬಿಡುವಂತೆಯೂ ಇರಲಿಲ್ಲ, ಗಿಡ ಕೆಡುತ್ತದೆ. ದೊಡ್ಡ ಬಂಡವಾಳಸ್ಥರು ಇಂಥ ಪೆಟ್ಟನ್ನು ತಡೆದುಕೊಂಡಾರು. ಎರಡೆಕರೆಯವನಿಗೆ "ನೀನೂ ಕಟ್ಟು" ಎಂದು ಬೆನ್ನು ತಟ್ಟುವವರು ಈ ಮಾತನ್ನೂ ಸೇರಿಸಿ ಹೇಳಬೇಕು.

ಮಾರದಿದ್ದ ಹೂ ಗುಲ್ಕಂದವಾಗುತ್ತದೆ. ಎಸಳಿನ ತೂಕಕ್ಕೆ ಸಮ ಸಕ್ಕರೆ, ಬೇಕಾದರೆ ಇನ್ನೂ ಹೆಚ್ಚು, ಗಾಜಿನ ಜಾಡಿಯಲ್ಲಿ ಪದರ ಪದರವಾಗಿ ಹಾಕಿ ಮೂರು ನಾಲ್ಕು ವಾರ ಬಿಸಿಲಿಗಿಟ್ಟರೆ ಸಾಕು. ಇದಕ್ಕೆ ಔಷಧಿ ಸಿಂಪಡಿಸದ ಮನೆಯ ಹೂವೇ ಆಗಬೇಕು. ಪೇಟೆಯ ಅಂದದ ಹೂವಿನ ಮೇಲೆ ಏನೇನು ಬಿದ್ದಿದೆಯೋ, ಅದನ್ನು ಮಕ್ಕಳ ಬಾಯಿಗೆ ಹಾಕತಕ್ಕದ್ದಲ್ಲ.

ನಮ್ಮ ಗಡಿಭಾಗದ ಕನ್ನಡ ಶಾಲೆಗಳ ಉಪಾಧ್ಯಾಯ ಮಿತ್ರರಲ್ಲಿ ಒಂದು ಬೇಡಿಕೆ. ಶಾಲೆಯ ಅಂಗಳದಲ್ಲಿ ನಾಲ್ಕು ಗಿಡವಿದ್ದರೆ, ವರ್ಷಕ್ಕೊಮ್ಮೆ ಸವರಿದಾಗ ಒಂದು ತರಗತಿಗೆ ಸಾಕಾಗುವಷ್ಟು ಕಡ್ಡಿ ಸಿಗುತ್ತದೆ. ಮಗುವಿಗೆ ಎರಡೆರಡು ಕೊಡಬೇಕು, ಒಂದು ಒಣಗಿದರೆ ಇನ್ನೊಂದು ಇರಲಿ. ತುದಿಯ ಮೊಗ್ಗು ಕೆಳಗಿನ ಕಣ್ಣನ್ನು ಅದುಮುವ ಪಾಠವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ಒಂದು ರೆಂಬೆಯನ್ನು ಬಗ್ಗಿಸಿ ಕಟ್ಟಿ ಹದಿನೈದು ದಿನ ಕಾಯುವುದು ಮೇಲು.

ನಮ್ಮ ಗಿಡಗಳನ್ನು ನಾವು ದೀಪಾವಳಿ ಕಳೆದ ವಾರ ಸವರುತ್ತೇವೆ. ಕಡ್ಡಿ ಕೇಳಿ ಬರುವವರು ಒಂದು ಒದ್ದೆ ಗೋಣಿತಟ್ಟನ್ನು ಜೊತೆಗೆ ತರುವುದು ಒಳ್ಳೆಯದು. ಬಿಸಿಲಿನಲ್ಲಿ ಹಾಗೆಯೇ ಕೈಯಲ್ಲಿ ಹಿಡಿದು ಒಯ್ದ ಕಡ್ಡಿ ಊರು ಸೇರುವಷ್ಟರಲ್ಲಿ ಸೌದೆಯಾಗಿರುತ್ತದೆ.